ಜಯಕ್ಕ ಕೊರಿಯಾದ ದೆವ್ವಕ್ಕೆ ಬೈದದ್ದು

ನಿಡಘಟ್ಟದಲ್ಲಿ ಬಾಡಿಗೆ ರೂಮು ಹಿಡಿದ ಹೊಸದರಲ್ಲಿ ನಾನು ಅಂಗಿ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಾಡುತ್ತಿದ್ದೆ. ಬಿ.ಕಾಂ. ಪಾಸಾದವನು, ಊರಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಸ್ಟೀಲ್ ಲೋಟ ಬಹುಮಾನ ಗೆದ್ದವನು. ಆ ಲೋಟದಲ್ಲೇ ಕಾಫಿ ಕುಡಿದು, ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಿದ್ದೆ.

ಆದದ್ದು ಇಷ್ಟು. ಬಸರಾಳಿನಿಂದ ಬಂದ ನನಗೆ ಸೋಮನಹಳ್ಳಿಯ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಸೇರಿದ ಮಾರನೆಯ ದಿನ, ಊಟದ ಶೆಡ್ಡಿನಲ್ಲಿ ಮುದ್ದೆ ಮುರಿಯುತ್ತಿದ್ದಾಗ, ಬೆನ್ನ ಹಿಂದೆ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಆ ಹುಡ್ಗ ಸತ್ತು ವರ್ಸ ಆಯ್ತು ಕಣಮ್ಮ. ಆದ್ರೂವೆ ದಿನಾ ಸಂಜೆ ಆ ಪೊಲೀಸ್ನೋಳ ಮನೆಗೆ ಬತ್ತಾನೆ. ಬಂದು ಮೂಲೇಲಿ ನಿಂತ್ಕಂಡು ಅವ್ಳು ಉಣ್ಣೋದ್ನೇ ನೋಡ್ತಾನೆ. ಪಕ್ಕದ ಮನೆಯೋರ್ಗೆ ಕಾಣಾಕಿಲ್ಲ. ಅವ್ಳಿಗೂ ಅವನ್ ಮ್ಯಾಲೆ ಮನಸಾಗ್ಬುಟ್ಟೈತೆ."

ನನ್ನ ಪಕ್ಕದ ಮನೆಯಲ್ಲಿ ಇದ್ದವರು ಒಬ್ಬ ಕಾನ್‌ಸ್ಟೇಬಲ್ ಮೇಡಂ. ಒಂಟಿಯಾಗಿ ಇದ್ದರು. ಅಂದು ಸಂಜೆಯೇ ಒಂದು ನಿಂಬೆಹಣ್ಣು ಕೊಂಡೆ.

ಆ ವಾರವೆಲ್ಲ ಸಂಜೆ ಅವರ ಮನೆಯ ಮುಂದೆ ಹಾಯುವಾಗ ಓಟ ಕೀಳುತ್ತಿದ್ದೆ. ಶನಿವಾರ ಅವರೇ ಅಡ್ಡ ನಿಂತು, "ಯಾಕಪ್ಪಾ, ದಿನಾ ನನ್ನ ನೋಡಿ ಓಡ್ತೀಯಾ?" ಎಂದರು. ನಾನು ಧೈರ್ಯ ತಂದುಕೊಂಡು, "ನಿಮಗೆ ಭಯ ಆಗಲ್ವಾ ಮೇಡಂ? ಸಂಜೆ ಬರೋರನ್ನ ಕಂಡ್ರೆ?" ಎಂದೆ. "ಯಾರು ಬರೋರು?" "ಅದೇ... ತೀರಿಕೊಂಡಿರೋರು." ಮೇಡಂ ನನ್ನ ಆಧಾರ್ ಕಾರ್ಡು ಕೇಳಿದರು. ಜೇಬಿಗೆ ಕೈ ಹಾಕಿದರೆ ನಿಂಬೆಹಣ್ಣು ಬಂತು.

ಸೋಮವಾರ ಆ ಹೆಂಗಸಿನ ಎದುರಿಗೇ ಹೋಗಿ ಕೇಳಿದೆ. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಸತ್ತ ಹುಡುಗ, ಪೊಲೀಸಿನವಳು, ಪಕ್ಕದ ಮನೆಯವರು ಎಲ್ಲರೂ ಕೊರಿಯಾದವರು. ಅದೊಂದು ಧಾರಾವಾಹಿ. ಯಾರೋ ಪುಣ್ಯಾತ್ಮ ಅದರ ಕಥೆಯನ್ನು ತುಣುಕು ತುಣುಕಾಗಿ ಕನ್ನಡದಲ್ಲಿ ಹೇಳಿ ಮೊಬೈಲಿಗೆ ಬಿಡುತ್ತಿದ್ದನಂತೆ. ಮೂರು ಕಂತು ಹೇಳಿ ಮಾಯವಾಗಿದ್ದನಂತೆ.

ಆ ಹೆಂಗಸೊಬ್ಬಳು ಮಾತ್ರ ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಿಗ್ರಿ ಓದಿದ್ದೀಯಂತಲ್ಲ, ಇಂಗ್ಲೀಸು ಬತ್ತದಾ?" ಎಂದಳು.

"ಬರುತ್ತೆ" ಎಂದೆ. ನಿಂಬೆಹಣ್ಣಿನ ಅವಮಾನ ತೊಳೆದುಕೊಳ್ಳಬೇಕಿತ್ತಲ್ಲ.

"ಅಂಗಾದ್ರೆ ಮಿಕ್ಕಿದ್ನ ನೀನ್ ಓದಿ ಯೋಳು."

ಹೀಗೆ ನನಗೆ ಜಯಲಕ್ಷ್ಮಮ್ಮನ ಪರಿಚಯವಾಯಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಜಯಕ್ಕ, ಅಕೌಂಟ್ಸಿನಲ್ಲಿ ಮಾತ್ರ ಜಯಮ್ಮ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ನಿಡಘಟ್ಟಕ್ಕೆ ಸೊಸೆಯಾಗಿ ಬಂದವಳು. ಗಂಡ ರಾಮಲಿಂಗಯ್ಯ ಪಂಚಾಯಿತಿಯ ನೀರುಗಂಟಿ. ಬೆಳಗಾಗುತ್ತಲೂ ಎದ್ದು ಹೋಗಿ ಊರಿಗೆ ನೀರು ಬಿಡುವುದು ಅವನ ಕೆಲಸ. ಮೂರು ವರ್ಷದ ಹಿಂದೆ ಹಾಗೆ ವಾಲ್ವು ತಿರುಗಿಸಿ ಬರುವಾಗ, ರಸ್ತೆ ದಾಟುತ್ತಿದ್ದವನ ಮೇಲೆ ಒಂದು ಬಿಳಿ ಗೂಡ್ಸ್ ಗಾಡಿ ಹತ್ತಿ, ನಿಲ್ಲದೆ ಹೋಯಿತು. ಅವನು ಅಲ್ಲೇ ಸತ್ತ. ಅಂದು ಊರಿಗೆಲ್ಲ ನೀರು ಬಂತು. ದೂರಿನಲ್ಲಿ 'ಅಪರಿಚಿತ ವಾಹನ' ಎಂದು ಬರೆದುಕೊಂಡರು. ಅದು ಇಂದಿಗೂ ಅಪರಿಚಿತವಾಗಿಯೇ ಇದೆ.

ಅದಾದ ಮೇಲೆ ಜಯಕ್ಕ ಡಬ್ಬಿಗೆ ಗೋಂದು ಹಚ್ಚುವ ಸಾಲಿಗೆ ಸೇರಿದಳು. ಬೆರಳ ತುದಿಯಲ್ಲಿ ಒಣಗಿದ ಗೋಂದನ್ನು ಸುಲಿಯುತ್ತಲೇ ಮಾತಾಡುವಳು. ಒಮ್ಮೆ ಸೂಪರ್‌ವೈಸರು ಬಂದು, "ಕೆಲಸದ ಟೈಮಲ್ಲಿ ಬಾಯಿ ಮುಚ್ಕೊಂಡಿರಿ" ಎಂದಿದ್ದಕ್ಕೆ, "ಗೋಂದು ಕೊಟ್ಟಿರಾದು ಡಬ್ಬಿಗೆ ಅಚ್ಚಕ್ಕೆ ಸಾ, ನಮ್ಮ ಬಾಯ್ಗಲ್ಲ" ಎಂದಿದ್ದಳಂತೆ. ಅಂದಿನಿಂದ ಆತ ಆ ಸಾಲಿನ ಬಳಿ ಸುಳಿಯುವಾಗ ಫೋನು ಕಿವಿಗೆ ಹಿಡಿದುಕೊಂಡಿರುತ್ತಾನೆ, ಕರೆ ಇದ್ದರೂ ಇಲ್ಲದಿದ್ದರೂ.

ಆಷಾಢದಲ್ಲಿ ನಮ್ಮ ಓದು ಶುರುವಾಯಿತು. ನನ್ನ ಮೊಬೈಲನ್ನು ಜಯಕ್ಕನ ಟಿಫನ್ ಕ್ಯಾರಿಯರಿಗೆ ಒರಗಿಸುವುದು, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುವುದು, ಹಿಂದೆ ಗೋಂದಿನ ಸಾಲಿನವರೆಲ್ಲ ಊಟ ಮಾಡುತ್ತಾ ಕೇಳುವುದು. ಕಥೆ ಚೆನ್ನಾಗಿಯೇ ಇತ್ತು, ಅದು ಬೇರೆ ಸಂಕಟ. ಸತ್ತ ಹುಡುಗನಿಗೆ ತನ್ನನ್ನು ಕೊಂದವರು ಯಾರೆಂದು ನೆನಪಿಲ್ಲ. ಪೊಲೀಸಿನವಳಿಗೆ ಮಾತ್ರ ಕಾಣುತ್ತಾನೆ. ಕಂತಿಗೊಂದು ಚೂರು ನೆನಪು ಮರಳುತ್ತದೆ: ಒಂದು ಸೇತುವೆ, ಒಂದು ಕೈಗಡಿಯಾರ, ಗುರುತು ಸಿಗದ ದನಿ. ನಡುನಡುವೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲುತ್ತಾರೆ. ಅವರು ನಿಂತಾಗ ನನಗೆ ಆರಾಮ, ಓದುವುದಿರುತ್ತಿರಲಿಲ್ಲ.

ಸತ್ಯ ಹೇಳಬೇಕೆಂದರೆ ನನ್ನ ಇಂಗ್ಲಿಷ್ ಅಷ್ಟು ವೇಗದ್ದಲ್ಲ. ಸಾಲು ಓಡಿಹೋದರೆ ನಾನೇ ಒಂದು ಸೇರಿಸುತ್ತಿದ್ದೆ. ಒಂದು ದಿನ ನಾಯಕಿ ಮೇಲಧಿಕಾರಿಯ ಮೇಜು ಗುದ್ದಿ ಕೂಗಾಡಿದಳು. "ಸಂಬಳ ಜಾಸ್ತಿ ಮಾಡಿ ಅಂತ ಕೇಳ್ತಾವ್ಳೆ" ಎಂದೆ. ಇಡೀ ಸಾಲು ಅವಳ ಪರ ನಿಂತಿತು. ಅದೇ ಹೊತ್ತಿಗೆ ನೀರು ಕುಡಿಯಲು ಬಂದ ಹರಿಪ್ರಿಯಾ, ನಮ್ಮ ಅಕೌಂಟ್ಸಿನವರು, ಮಂಡ್ಯದಿಂದ ದಿನಾ ಬಂದು ಹೋಗುವವರು, ಪರದೆ ನೋಡಿ, "ಅಲ್ಲ ತೇಜು, ಅವಳು ಮನೆ ಶೋಧಿಸೋಕೆ ಅನುಮತಿ ಕೇಳ್ತಿದಾಳೆ" ಎಂದರು.

ಜಯಕ್ಕ ನನ್ನ ಕಡೆ ತಿರುಗಿದಳು. "ಅದ್ಯಾಕ್ಲಾ ನಿನ್ ಆಸೆನೆಲ್ಲ ಅವ್ಳ ಬಾಯ್ಗೆ ಆಕ್ತೀಯಾ?"

ಅವತ್ತಿಗೆ ನನ್ನ ಮಾತಿನ ಬೆಲೆ ಹೋಯಿತು. ಆದರೂ ಬೇರೆ ಗತಿ ಇಲ್ಲದೆ ನನ್ನನ್ನೇ ಇಟ್ಟುಕೊಂಡರು.

ಜಯಕ್ಕ ಆ ಧಾರಾವಾಹಿಗೆ ಅಂಟಿಕೊಂಡದ್ದು ಯಾಕೆಂದು ನನಗೆ ತಿಳಿದದ್ದು ನಡುವಿನ ಒಂದು ಕಂತಿನಲ್ಲಿ. ಸತ್ತ ಹುಡುಗನ ತಾಯಿ ಅವನ ಫೋಟೋ ಮುಂದೆ ಮಣೆಯಂಥದ್ದರ ಮೇಲೆ ಅನ್ನ, ಮಾಂಸದ ಸಾರು, ಹಣ್ಣು, ಒಂದು ಬಟ್ಟಲು ಹೆಂಡ ಜೋಡಿಸಿ, ನೆಲಕ್ಕೆ ಹಣೆ ಹಚ್ಚಿದಳು. ಜಯಕ್ಕ ತಿನ್ನುವುದನ್ನು ನಿಲ್ಲಿಸಿದಳು.

"ನಿಲ್ಸು, ನಿಲ್ಸು. ಲೇ, ಎಡೆ ಇಕ್ತಾವ್ಳೆ ಕಣ್ಲಾ!"

"ಹೂಂ ಅಕ್ಕ. ಅವರಲ್ಲೂ ಇದೆ."

"ನಮ್ಮಂಗೇ ಇಕ್ತಾರೆ ನೋಡು. ಹೆಂಡಾನೂವೆ ಮಡಗವ್ಳೆ." ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: "ಎಡೆ ಇಕ್ಕೋ ಜನ ಮೋಸ ಮಾಡಾಕಿಲ್ಲ. ಕೊನೇಗೆ ಕೊಂದೋನ್ನ ಹಿಡ್ದೇ ಹಿಡೀತಾರೆ."

ಆ ಸಂಜೆ ಬಸ್ಸಿಳಿದು ಜೊತೆಯಲ್ಲಿ ನಡೆಯುವಾಗ ಸರ್ವೀಸ್ ರಸ್ತೆಯ ಪಕ್ಕದ ಒಂದು ಟೀ ಅಂಗಡಿಯನ್ನು ಗದ್ದದಲ್ಲೇ ತೋರಿಸಿದಳು. ಅಂಗಡಿಯ ಮಹದೇವಸ್ವಾಮಿ ಅವಳ ಗಂಡನ ಜೊತೆ ಆಡಿ ಬೆಳೆದವನು, ಇವಳನ್ನು ಅತ್ತಿಗೆ ಎನ್ನುವವನು. ಗಾಡಿ ಗುದ್ದಿದ್ದು ಅವನ ಅಂಗಡಿಯ ಮುಂದೆಯೇ. ಹೆಣ ಎತ್ತಿದವನೂ ಅವನೇ, ಹೆಗಲು ಕೊಟ್ಟವನೂ ಅವನೇ. ತಿಥಿಯ ದಿನ ಹಿತ್ತಿಲಿನಲ್ಲಿ ಇವಳನ್ನು ಕರೆದು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದನಂತೆ: "ಗಾಡಿ ಯಾರ್ದು ಅಂತ ನಂಗೊತ್ತು ಅತ್ತಿಗೆ. ಬಾಯ್ಬುಟ್ರೆ ನನ್ನಂಗಡಿ ಎತ್ತುಸ್ಬುಡ್ತಾರೆ. ಕೇಳ್ಬ್ಯಾಡಿ." ವಿಚಾರಣೆಗೆ ಬಂದವರ ಮುಂದೆ ಮಾತ್ರ, "ಆಲು ಉಕ್ತಿತ್ತು ಸಾ, ಒಲೆ ಕಡೆ ನೋಡ್ತಿದ್ದೆ" ಎಂದನಂತೆ.

"ಅವನ್ ಆಲು ಉಕ್ಕಿದ್ದಕ್ಕೆ ನನ್ ಕೇಸು ಆರೋಯ್ತು" ಎಂದಳು ಜಯಕ್ಕ.

"ನೀವೇ ಹೋಗಿ ಹೇಳಬಹುದಿತ್ತಲ್ಲ ಅಕ್ಕ, ಇವನಿಗೆ ಗೊತ್ತು ಅಂತ?"

"ಯೋಳಿದೆ. ಕರೆಸುದ್ರು. ಮತ್ತೆ ಆಲು ಉಕ್ಕುಸ್ದ."

ನನಗೆ ಸಿಟ್ಟು ಬಂತು. ಆದರೆ ನಾನು ಮಾಡಿದ್ದೇನು? ಮಾರನೆಯ ಬೆಳಿಗ್ಗೆ ಅದೇ ಅಂಗಡಿಯಲ್ಲಿ ಟೀ ಕುಡಿದೆ. ಚೆನ್ನಾಗಿ ಮಾಡುತ್ತಾನೆ, ಶುಂಠಿ ಹಾಕಿ. ನನ್ನ ಸಿಟ್ಟು ಯಾವಾಗಲೂ ಹೀಗೆ, ಟೀಯ ಹೊತ್ತಿಗೆ ರಜಾ ತೆಗೆದುಕೊಳ್ಳುತ್ತದೆ.

ಪ್ರತಿ ಪಿತೃಪಕ್ಷದಲ್ಲಿ ಜಯಕ್ಕ ಗಂಡನಿಗೆ ಎಡೆ ಇಡುತ್ತಾಳೆ. ನಮ್ಮ ಕಡೆ ಅದಕ್ಕೊಂದು ಕ್ರಮವಿದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಳಗೆ ಹೋಗಿ, ಆಮೇಲೆ ಬಂದವರೆಲ್ಲ ಸಾಲಾಗಿ ಕೂತು ಉಣ್ಣುವುದು. ಆ ಬಾಗಿಲು ಹಾಕಿದ ಹೊತ್ತಿನಲ್ಲಿ ಜಯಕ್ಕ ಹೊಸ್ತಿಲ ಹೊರಗೆ ನಿಂತು ಒಳಗಿನವನನ್ನು ಕೇಳುತ್ತಿದ್ದಳಂತೆ: "ಯಾರ್ದು ಗಾಡಿ? ಉಂಡ್ಕಂಡು ಯೋಳೋಗು."

ಅವನು ಹೇಳಲಿಲ್ಲ. ಕೊರಿಯಾದವನಾದರೂ ಹೇಳುತ್ತಾನೆ ಎಂದು ಅವಳು ಕಾದಿದ್ದಳು. ನನಗೆ ಅದು ಅರ್ಥವಾದ ದಿನದಿಂದ ಸೇರಿಸಿ ಹೇಳುವುದನ್ನು ಬಿಟ್ಟೆ. ತಿಳಿಯದಿದ್ದರೆ "ತಿಳೀಲಿಲ್ಲ ಅಕ್ಕ" ಎನ್ನುತ್ತಿದ್ದೆ.

ಗೌರಿ ಹಬ್ಬವಾದ ಮಾರನೆಯ ವಾರ ಕೊನೆಯ ಕಂತಿಗೆ ಬಂದೆವು. ಕೊಂದವನು ಸತ್ತ ಹುಡುಗನ ಪ್ರಾಣಸ್ನೇಹಿತ, ಈಗ ದೊಡ್ಡ ಸರ್ಕಾರಿ ವಕೀಲ. ಪೊಲೀಸಿನವಳ ಕೈಯಲ್ಲಿ ಸಾಕ್ಷಿ ಎಲ್ಲ ಇದೆ. ಸೇತುವೆಯ ಮೇಲೆ ಮೂವರೂ ನಿಂತಿದ್ದಾರೆ. ದೇವರು ಎಲ್ಲಿಂದಲೋ ಬೆಳಕು ಬಿಡುತ್ತಾನೆ, ಕೊಲೆಗಾರನಿಗೂ ಸತ್ತವನು ಕಾಣುತ್ತಾನೆ. ಶೆಡ್ಡಿನಲ್ಲಿ ಎಲ್ಲರೂ ಮೊಬೈಲಿನತ್ತ ಬಾಗಿದರು. ಕೊಲೆಗಾರ ಮಂಡಿಯೂರಿ ಅತ್ತ. ಸತ್ತವನು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ.

ನಾನು ಓದಿದೆ: "ನಿನ್ನನ್ನ ಕ್ಷಮಿಸಿದ್ದೀನಿ. ದ್ವೇಷ ಹೊತ್ಕೊಂಡು ಹೋಗಕ್ಕಾಗಲ್ಲ. ಪ್ರೀತೀನ ಹೊತ್ಕೊಂಡು ಹೋಗ್ತೀನಿ."

"ಸರ್ಯಾಗಿ ಓದ್ಲಾ" ಎಂದಳು ಜಯಕ್ಕ.

"ಅದೇ ಇರೋದು ಅಕ್ಕ."

"ನಿಂಗೆ ತಿಳ್ದಿಲ್ಲ. ಇಂದಕ್ಕೆ ತಿರುಗ್ಸು."

ತಿರುಗಿಸಿದೆ. ಅದೇ ಸಾಲು. "ಮೊದ್ಲಿಂದ್ಲೂ ನೀನು ಸುಳ್ಳೇ" ಎಂದು ಎದ್ದು, ಎಡಗೈಯಲ್ಲಿ ನನ್ನ ಮೊಬೈಲ್ ಕಿತ್ತುಕೊಂಡು ಅಕೌಂಟ್ಸ್ ರೂಮಿಗೆ ನಡೆದಳು. ಗೋಂದಿನ ಸಾಲು ಅವಳ ಹಿಂದೆ, ನಾನು ಎಲ್ಲರ ಹಿಂದೆ. ಹರಿಪ್ರಿಯಾ ಮೊಸರನ್ನದ ಡಬ್ಬಿ ಮುಚ್ಚಿಟ್ಟು ನೋಡಿದರು. ಅವರ ಮುಖವೂ ಇಳಿಯಿತು.

"ತೇಜು ಹೇಳಿದ್ದು ಸರಿ, ಜಯಮ್ಮ. ಈ ಸಲ."

ಮಿಕ್ಕಿದ್ದನ್ನು ಅಲ್ಲೇ ನಿಂತು ನೋಡಿದೆವು. ಸತ್ತವನು ಮಿಣುಕುಹುಳುಗಳಂತೆ ಚೂರು ಚೂರಾಗಿ ಆಕಾಶಕ್ಕೆ ಹೋದ. ಹಿಮ ಬಿತ್ತು. ಪೊಲೀಸಿನವಳು, ಕೇಳಿ, ಪೊಲೀಸಿನವಳು, ಸಾಕ್ಷಿಯ ಕಾಗದವನ್ನೆಲ್ಲ ಬೆಂಕಿಗೆ ಹಾಕಿ, ಅದರಲ್ಲೇ ಕೈ ಕಾಯಿಸಿಕೊಂಡಂತೆ ನಿಂತು ಅತ್ತಳು. ಮುಂದಿನ ವರ್ಷ ಬಸ್ ಸ್ಟಾಪಿನಲ್ಲಿ ಸತ್ತವನಂತೆಯೇ ಇರುವ ಯಾರೋ ಅವಳಿಗೆ ಕೊಡೆ ಹಿಡಿದ. ಇಬ್ಬರೂ ನಕ್ಕರು. ಮುಗಿಯಿತು.

ಕಥೆ ಕೆಟ್ಟದ್ದಿದ್ದರೆ ಬೈದು ಎದ್ದು ಹೋಗಬಹುದು. ಇವರು ಆಷಾಢದಿಂದ ಭಾದ್ರಪದದವರೆಗೆ 'ಯಾರು ಕೊಂದದ್ದು, ಯಾರು ಕೊಂದದ್ದು' ಎಂದು ನಮ್ಮ ಮೂಗಿಗೆ ದಾರ ಕಟ್ಟಿ ಎಳೆದು ತಂದು, ಕೊನೆಗೆ, ಕೊಂದವನೂ ಪಾಪ ನೊಂದಿದ್ದಾನೆ ಬಿಡಿ ಎಂದರು. ಎಲ್ಲಿ ನ್ಯಾಯ ಬರೆಯಲು ತಾಕತ್ತಿಲ್ಲವೋ ಅಲ್ಲಿ ಹಿಮ ಸುರಿಸುತ್ತಾರೆ. ಪ್ರೇಮ ಬೇಕಿದ್ದರೆ ಪ್ರೇಮವನ್ನೇ ತೋರಿಸಬೇಕಿತ್ತು. ಕೊಲೆ ಯಾಕೆ ಬೇಕಿತ್ತು? ದೆವ್ವ ಯಾಕೆ ಬೇಕಿತ್ತು? ಮಾತಾಡದ ದೆವ್ವ ನಿಡಘಟ್ಟದಲ್ಲೇ ಇದೆ. ಅಷ್ಟು ದೂರದಿಂದ ತರಿಸಬೇಕಿತ್ತೇ?

ಜಯಕ್ಕ ಹರಿಪ್ರಿಯಾರ ಮೇಜನ್ನು ಹಿಡಿದುಕೊಂಡು ನಿಂತಿದ್ದಳು.

"ಅಂಗಂದ್ರೆ ಅವ್ನಿಗೆ ಜೈಲಿಲ್ವಾ?"

"ಇಲ್ಲ ಅಕ್ಕ."

"ಪೇಪರ್ನಾಗೂ ಬರ್ನಿಲ್ವಾ?"

"ಇಲ್ಲ."

"ಓಗ್ಲಿ, ಆ ಹುಡ್ಗನ ಅವ್ವನ್ಗಾದ್ರೂ ಯೋಳುದ್ರಾ, ನಿನ್ ಮಗನ್ನ ಕೊಂದೋನು ಇವ್ನೇ ಅಂತ?"

ಎಡೆ ಇಟ್ಟ ಆ ತಾಯಿಯನ್ನು ಆಮೇಲೆ ಒಂದು ಕಂತಿನಲ್ಲೂ ತೋರಿಸಿರಲೇ ಇಲ್ಲ.

"ಅವರಮ್ಮ ಮತ್ತೆ ಬರಲೇ ಇಲ್ಲ" ಎಂದೆ.

ಆಗ ಜಯಕ್ಕ ಬೈಯಲು ಶುರು ಮಾಡಿದಳು. ಬರೆದವನಿಗೆ, ಆಡಿದವರಿಗೆ, ಹಿಮಕ್ಕೆ, ಕೊಡೆ ಹಿಡಿದವನಿಗೆ, ಎಲ್ಲರಿಗೂ ಬೈದಳು. ಅಚ್ಚು ಹಾಕುವಂಥ ಮಾತುಗಳಲ್ಲ. ಕೆಲಸದ ಗಂಟೆ ಹೊಡೆದರೂ ಯಾರೂ ಕದಲಲಿಲ್ಲ. ಸೂಪರ್‌ವೈಸರು ಫೋನು ಕಿವಿಗಿಟ್ಟುಕೊಂಡು ಬಂದವನು ಹಾಗೆಯೇ ತಿರುಗಿ ಹೋದ.

ಹರಿಪ್ರಿಯಾ ಸಮಾಧಾನ ಮಾಡಲು, "ಕ್ಷಮಿಸೋದು ದೊಡ್ಡ ಗುಣ ಅಂತ ತೋರಿಸೋಕೆ ಹೋಗಿದಾರೆ ಅನ್ಸತ್ತೆ, ಜಯಮ್ಮ" ಎಂದರು.

"ಸತ್ತೋನು ಕ್ಸಮಿಸ್ಬೌದು ಕಣವ್ವ. ಅವ್ನಿಗೇನು, ಮಿಣ್ಮಿಣ ಅಂತ ಮ್ಯಾಕೋದ. ಇಲ್ಲಿ ವರ್ಸ ವರ್ಸ ಎಡೆ ಇಕ್ಕೋಳ್ನ ಯಾರಾದ್ರೂ ಒಂದ್ಮಾತು ಕೇಳುದ್ರಾ?"

ಹರಿಪ್ರಿಯಾ ಮೊಸರನ್ನದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು.

ಸಂಜೆ ಬಸ್ಸಿಳಿದಾಗ ಮಹದೇವಸ್ವಾಮಿಯ ಅಂಗಡಿಯಲ್ಲಿ ಹಾಲು ಕಾಯುತ್ತಿತ್ತು. ಜಯಕ್ಕ ನಿಂತು ನೋಡಿದಳು. ಹಾಲು ಉಕ್ಕಿಬಂತು. ಅವನು ನಮ್ಮ ಕಡೆಯೇ ನೋಡಿ ಹಲ್ಲುಬಿಡುತ್ತಾ, ಒಲೆಯ ಕಡೆ ತಿರುಗದೆ, ಕೈ ಅಂದಾಜಿನಲ್ಲೇ ಉರಿ ತಗ್ಗಿಸಿದ.

"ನೋಡ್ದಾ?" ಎಂದಳು.

"ನೋಡಿದೆ ಅಕ್ಕ."

"ಅಬ್ಬಕ್ಕೆ ಬಾ ಮನೆಗೆ."

ಪಿತೃಪಕ್ಷದ ಆ ದಿನ ನಾನು ಹೋಗುವಷ್ಟರಲ್ಲಿ ಮಳವಳ್ಳಿಯಿಂದ ಮಗಳು ಅರ್ಪಿತ ಬಂದು ಅಡಿಗೆ ಮುಗಿಸಿದ್ದಳು. ಗೋಡೆಯ ಬುಡದಲ್ಲಿ ರಾಮಲಿಂಗಯ್ಯನ ಫೋಟೋ, ಮುಂದೆ ಹೊಸ ಪಂಚೆ, ಬಾಳೆ ಎಲೆಯಲ್ಲಿ ಮುದ್ದೆ, ಮಟನ್ ಸಾರು, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಬೀಡಿಯ ಕಟ್ಟನ್ನು ಬಿಚ್ಚಿ ಒಂದನ್ನು ಮುಂದಕ್ಕೆ ಎಳೆದಿಟ್ಟಿದ್ದಳು ಜಯಕ್ಕ, ಬಂದವನು ತಡಕಾಡಬಾರದೆಂದು. ನಾನು ಅದನ್ನು ನೋಡಿ ಹೊರಗೆ ಬಂದು ಕೂತೆ.

ನೆಂಟರು, ಬೀದಿಯವರು ಒಬ್ಬೊಬ್ಬರೇ ಬಂದರು. ಮಹದೇವಸ್ವಾಮಿ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವಲ್ಲು ಹಾಕಿ, ಒಂದು ಹಾರ ಹಿಡಿದು ಬಂದ. ಅದನ್ನು ಅವನೇ ಫೋಟೋಕ್ಕೆ ಹಾಕಿ, ಬಗ್ಗಿ ಕೈಮುಗಿದ. ಕಣ್ಣು ಒರೆಸಿಕೊಂಡ. ಸುಳ್ಳು ಕಣ್ಣೀರಲ್ಲ ಅದು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಅರ್ಪಿತ ಬಾಗಿಲು ಎಳೆದುಕೊಂಡಳು. ಜಯಕ್ಕ ಹೊಸ್ತಿಲ ಬಳಿ ನಿಂತಳು. ಅವಳು ಕೇಳುವ ಆ ಮಾತಿಗೆ ನಾನು ಕಾದೆ. ಮಹದೇವಸ್ವಾಮಿಯೂ ಕಾದಿರಬೇಕು, ತಲೆ ತಗ್ಗಿಸಿ ಚಪ್ಪಲಿಯ ಉಂಗುಟ ನೋಡುತ್ತಿದ್ದ. ಜಯಕ್ಕ ಏನೂ ಕೇಳಲಿಲ್ಲ.

"ಯಾಕವ್ವ, ಅಪ್ಪನ್ನ ಕೇಳಾಕಿಲ್ವಾ ಈ ಸತಿ?" ಎಂದಳು ಅರ್ಪಿತ ಮೆಲ್ಲಗೆ.

"ಉಣ್ಲಿ ಬುಡು, ನೆಮ್ಮದಿಯಾಗಿ. ಸತ್ತೋನ್ಗ್ಯಾಕೆ ಆ ಕೆಲ್ಸ? ಬದ್ಕಿರೋರ್ಗೆ ಬಾಯಿಲ್ವಾ?"

ಅರ್ಪಿತ ಒಮ್ಮೆ ಮಹದೇವಸ್ವಾಮಿಯ ಕಡೆ ನೋಡಿ, "ಅವ್ವ, ಅಬ್ಬದ ದಿನ ಬ್ಯಾಡ ಕಣವ್ವ" ಎಂದಳು. ಜಯಕ್ಕ ಬಾಗಿಲು ತಟ್ಟಿ ಒಳಗೆ ಹೋದಳು.

ಊಟಕ್ಕೆ ಕೂತೆವು. ನಡುಮನೆಯಲ್ಲಿ ಗೋಡೆಗೆ ಒರಗಿ ಒಂದೇ ಸಾಲು. ಮಹದೇವಸ್ವಾಮಿ ಎಂದಿನಂತೆ ಫೋಟೋಕ್ಕೆ ಹತ್ತಿರದ ಜಾಗ ಹಿಡಿದ. ಅವನ ಪಕ್ಕಕ್ಕೆ ನಾನು. ಜಯಕ್ಕ ತಾನೇ ಎಲೆ ಹಾಕುತ್ತಾ ಬಂದಳು. ಆ ಕೊನೆಯಿಂದ ಹಾಕಿಕೊಂಡು ಬಂದು, ನನ್ನ ಮುಂದೆ ಒಂದು ಹಾಕಿ, ನೀರು ಚಿಮುಕಿಸಿ, ಅಲ್ಲಿಂದಲೇ ಹಿಂತಿರುಗಿದಳು. ಮರೆತಳೇನೋ ಎಂದುಕೊಂಡೆ. ಮುದ್ದೆ ಬಂತು, ಸಾರು ಬಂತು, ಕಜ್ಜಾಯ ಬಂತು. ಪ್ರತಿ ಸಲವೂ ನನ್ನವರೆಗೆ ಬಂದು ಹಿಂತಿರುಗಿತು. ಮಹದೇವಸ್ವಾಮಿಯ ಮುಂದೆ ಬರೀ ಸಾರಿಸಿದ ನೆಲ.

ಯಾರೂ ಮುದ್ದೆಗೆ ಕೈ ಹಾಕಲಿಲ್ಲ. ನಾನು ನನ್ನ ಎಲೆಯನ್ನು ಅವನ ಕಡೆ ಸರಿಸೋಣವೇ ಎಂದು ಯೋಚಿಸಿದೆ. ನಾನು ಅಂಥವನೇ. ಜಯಕ್ಕ ನನ್ನ ಕಡೆ ಒಂದು ನೋಟ ನೋಡಿದಳು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಮಹದೇವಸ್ವಾಮಿ ಮೊದಲು ನಕ್ಕ. ಆಮೇಲೆ ಅತ್ತ ಇತ್ತ ನೋಡಿದ. ಟವಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. ಕೊನೆಗೆ, ಇಡೀ ಸಾಲು ಕೇಳುವಂತೆಯೇ ಕೇಳಬೇಕಾಯಿತು.

"ಯಾಕತ್ತಿಗೆ, ನಂಗೆ ಎಲೆ ಆಕಾಕಿಲ್ವಾ?"

ಜಯಕ್ಕ ಸಾರಿನ ಪಾತ್ರೆಯನ್ನು ಕೆಳಗಿಡಲಿಲ್ಲ.

"ಗಾಡಿ ಯಾರ್ದು ಅಂತ ಈ ಜನದ್ ಮುಂದೆ ಯೋಳು, ಆಕ್ತೀನಿ. ಇಲ್ದಿದ್ರೆ ಎದ್ದೋಗು. ಉಣ್ಣಕ್ ಮಾತ್ರ ಬಾಯ್ ತೆಗೆಯೋರ್ಗೆ ಈ ಮನೇಲಿ ಇಕ್ಕಾಕಿಲ್ಲ."